ಹಳೆಯ ಕಾರಿನ ಗೇರುಪೆಟ್ಟಿಗೆಗೆ ಎಂಥ ಎಣ್ಣೆ?

ನಮ್ಮ ಸಹೋದ್ಯೋಗಿ ಮಿತ್ರರೊಬ್ಬರ ಮನೆಯಲ್ಲಿ 1959ನೆಯ ಇಸವಿಯ ಮಾರಿಸ್ ಮೈನರ್ ಕಾರೊಂದಿದೆ. ಅವರ ತಂದೆಯವರು ಅದನ್ನು ಚಿಕ್ಕಮಗಳೂರಿನ ಕಡೆಯ ಕಾಫಿತೋಟದವರೊಬ್ಬರಿಂದ ಕೊಂಡು ನಲವತ್ತು ವರ್ಷಗಳಿಗೂ ಮೇಲಾಯಿತು. ಹಿರಿಯರು ಈಗಲೂ ಭಾನುವಾರ ಬೆಳಗ್ಗೆ ಅದನ್ನು ತಾವೇ ನಡೆಸಿಕೊಂಡು ಊರ ಹೊರಗಿನ ಕೆರೆಯ ಏರಿಯವರೆಗೆ ಹೋಗಿಬರುವರು. ಕಳೆದ ವರ್ಷ ಆ ಕಾರಿಗೆ ಒಂದು ರೋಗ ಹತ್ತಿತು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಬದಲಿಸುವಾಗಲೆಲ್ಲ ಪೆಟ್ಟಿಗೆಯೊಳಗಿನಿಂದ ಹಲ್ಲು ಕಡಿಯುವಂಥ ಸದ್ದು ಕೇಳತೊಡಗಿತು. ಭೌತವಿಜ್ಞಾನ ಕಲಿಸುವವರಿಗೆ ಯಂತ್ರಗಳೆಲ್ಲ ತಿಳಿದಿರಬೇಕೆಂಬ ನಂಬಿಕೆ ನಮ್ಮ ಜನರಲ್ಲಿ ಉಂಟಷ್ಟೆ. ನಮಗೆ ಕರೆ ಬಂದಿತು. “ಎಣ್ಣೆಯ ದೋಷವಂತೂ ಅಲ್ಲ ಮೇಷ್ಟ್ರೇ. ಎರಡು ವರ್ಷದ ಕೆಳಗೆ ಅಂಗಡಿಯಲ್ಲಿದ್ದ ಎಣ್ಣೆಗಳಲ್ಲೆಲ್ಲ ದುಬಾರಿಯದನ್ನೇ ಕೇಳಿ ಹಾಕಿಸಿದ್ದೇನೆ” ಎಂದು ಹಿರಿಯರು ಮೊದಲಿಗೇ ಹೇಳಿಬಿಟ್ಟರು. ದೋಷವಿದ್ದದ್ದು ಅಲ್ಲಿಯೇ.

ಒಳ್ಳೆಯದೆಂದು ಹೆಸರಾದ ಎಣ್ಣೆಯೊಂದು ಹಳೆಯ ಯಂತ್ರಕ್ಕೆ ಕೆಟ್ಟದಾಗುವುದು ಹೇಗೆ? ಇದನ್ನು ವಿವರಿಸಿ, ಎಣ್ಣೆಯನ್ನು ಬದಲಿಸುವ ಕ್ರಮವನ್ನೂ ಹೇಳುವುದು ಈ ಲೇಖನದ ಉದ್ದೇಶ. ಹೆಸರಿನ ವಿಷಯವಾಗಿ ಮೊದಲೇ ಒಂದು ಮಾತು. ಹಳೆಯ ಕಾರುಗಳನ್ನೆಲ್ಲ ‘ವಿಂಟೇಜ್’ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಇಂಗ್ಲೆಂಡಿನ ಪರಿಣತರು ಆ ಹೆಸರನ್ನು 1930ರ ಕೊನೆಯವರೆಗೆ ತಯಾರಾದ ಕಾರುಗಳಿಗೆ ಮಾತ್ರ ಮೀಸಲಿಡುತ್ತಾರೆ. ಆ ಲೆಕ್ಕದಲ್ಲಿ ಮಾರಿಸ್ ಮೈನರ್ ವಿಂಟೇಜ್ ಅಲ್ಲ. ಅದು ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರರ ರಚನೆ. 1948ರಿಂದ 1971ರವರೆಗೆ ತಯಾರಾಯಿತು. ಅದರ ಮೊದಲ ಮಾದರಿ ನಮ್ಮ ದೇಶದಲ್ಲಿ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಮಾರಾಟವಾದದ್ದನ್ನು ಹಿರಿಯ ವಾಚಕರು ಬಲ್ಲರು. ನಾವು ಇಲ್ಲಿ ಜನಬಳಕೆಯ ಅರ್ಥವನ್ನೇ ಇಟ್ಟುಕೊಳ್ಳುತ್ತೇವೆ.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಹಳ್ಳಿಯ ಪರಿಚಯವಿರುವವರೆಲ್ಲ ಕಂಡಿರುತ್ತಾರೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕಿಕೊಳ್ಳುತ್ತಿದ್ದರು. ಚಕ್ರ ಕಿರುಗುಟ್ಟಿತೆಂದರೆ ಗೊಟ್ಟಕ್ಕೆ ಕೈಹೋಗುತ್ತಿತ್ತು. ಎಣ್ಣೆ ಮಾಡುವುದೇನು ಎಂದು ಗಾಡಿಯವನನ್ನು ಕೇಳಿದರೆ “ಜಾರಿಸುತ್ತದೆ” ಎನ್ನುತ್ತಿದ್ದ. ಉತ್ತರ ತಪ್ಪಲ್ಲ, ಆದರೆ ಹೇಗೆ ಜಾರಿಸುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಿಜ್ಞಾನಿಗಳಿಗೇ ತಿಳಿದಿರಲಿಲ್ಲ. ತಿಳಿದದ್ದು ಒಂದು ಬಿರಡೆಯ ದೆಸೆಯಿಂದ.

1883ರ ಸುಮಾರಿನಲ್ಲಿ ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರರು ರೈಲುಗಾಡಿಯ ಅಚ್ಚುಗಳ ಘರ್ಷಣೆಯನ್ನು ಅಳೆಯುತ್ತಿದ್ದರು. ತಿರುಗುವ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿಕೊಂಡಿತ್ತು. ಅದರ ಮೇಲೆ ಲೋಹದ ಕವಚವೊಂದು ಭಾರ ಹೊತ್ತು ಕುಳಿತಿತ್ತು. ಮೇಲಿನಿಂದ ಎಣ್ಣೆ ಬಿಡಲೆಂದು ಕವಚದ ನೆತ್ತಿಯಲ್ಲಿ ಒಂದು ತೂತು ಕೊರೆದಿದ್ದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಆ ತೂತಿನಿಂದ ಒಳಗಿಳಿಯುವುದರ ಬದಲು ಹೊರಕ್ಕೆ ಉಕ್ಕಿ ಹರಿಯಿತು! ಟವರ್ ಅದಕ್ಕೆ ಬಿರಡೆ ಜಡಿದರು. ಬಿರಡೆಯೂ ಹೊರಬಂದಿತು. ಮರದ ಗೂಟ ಹೊಡೆದರು. ಅದನ್ನೂ ಎಣ್ಣೆ ತಳ್ಳಿಹಾಕಿತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿ ನೋಡಿದರೆ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನು ದಾಟಿತು. ಕವಚದ ಮೇಲಿದ್ದ ಭಾರವೋ ಸರಾಸರಿ ಚದರ ಅಂಗುಲಕ್ಕೆ 100 ಪೌಂಡು ಮಾತ್ರ. ಎಂದರೆ ಲೋಹವು ಲೋಹದ ಮೇಲೆ ಕುಳಿತಿರಲಿಲ್ಲ. ಅಚ್ಚು ತನ್ನ ತಿರುಗುವಿಕೆಯಿಂದಲೇ ಎಣ್ಣೆಯನ್ನು ಸೆಳೆದು ಸಂದಿಯೊಳಕ್ಕೆ ಬೆಣೆಯಂತೆ ತುರುಕುತ್ತಿತ್ತು. ಆ ಬೆಣೆಯ ಒತ್ತಡವೇ ಇಡೀ ಭಾರವನ್ನು ಎತ್ತಿ ಹಿಡಿದಿತ್ತು. ಆಸ್‌ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ಸಮೀಕರಣವನ್ನು ಕೊಟ್ಟರು. ಇಂದಿಗೂ ಬೇರಿಂಗುಗಳ ಲೆಕ್ಕವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಎಣ್ಣೆಯ ಬೆಣೆ ನಿಲ್ಲಬೇಕಾದರೆ ಎರಡು ಸಂಗತಿಗಳು ಬೇಕು: ಮೇಲ್ಮೈಗಳ ವೇಗ ಮತ್ತು ಎಣ್ಣೆಯ ಸ್ನಿಗ್ಧತೆ. ಹರಿಯಲು ದ್ರವವು ಒಡ್ಡುವ ಅಡ್ಡಿಗೆ ಸ್ನಿಗ್ಧತೆಯೆಂದು ಹೆಸರು. ಹರಳೆಣ್ಣೆಯಲ್ಲಿ ಅದು ಹೆಚ್ಚು, ಸೀಮೆಎಣ್ಣೆಯಲ್ಲಿ ಕಡಮೆ. 20 ಡಿಗ್ರಿ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್ ಎಂದಿಟ್ಟುಕೊಂಡರೆ, ಗೇರಿನ ಎಣ್ಣೆಗಳಲ್ಲಿ ಸಾಮಾನ್ಯವಾದ ‘90’ನೆಯ ದರ್ಜೆಯದು 40 ಡಿಗ್ರಿಯಲ್ಲಿ ಸುಮಾರು 190, 100 ಡಿಗ್ರಿಯಲ್ಲಿ ಸುಮಾರು 17 ಆಗುವುದು. ಅರವತ್ತು ಡಿಗ್ರಿ ಬಿಸಿಯಾದ ಮಾತ್ರಕ್ಕೆ ಹತ್ತನೆಯ ಒಂದು ಪಾಲಿಗಿಳಿಯಿತು. ಚಳಿಗಾಲದ ಬೆಳಗ್ಗೆ ಬಿಗಿಯಾಗಿದ್ದ ಗೇರು ನಾಲ್ಕು ಮೈಲಿ ಹೋದಮೇಲೆ ಸಡಿಲವಾಗುವುದೇಕೆಂಬುದು ಇದರಿಂದ ತಿಳಿಯುವುದು.

ದರ್ಜೆಯ ಅಂಕಿಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಈ ಅಂಕಿಗಳನ್ನು ನಿಗದಿಮಾಡಿದ್ದು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ. ಡಬ್ಬಿಯ ಮೇಲೆ ‘ಎಸ್.ಎ.ಇ.’ ಎಂದಿರುವುದು ಆ ಸಂಘದ ಗುರುತು. ಎಂಜಿನ್ ಎಣ್ಣೆಗಳಿಗೆ ಒಂದು ಅಳತೆಗೋಲು, ಗೇರಿನ ಎಣ್ಣೆಗಳಿಗೆ ಇನ್ನೊಂದು. ಆದುದರಿಂದ ಗೇರಿನ ‘90’ ಎಂಜಿನ್ನಿನ ‘30’ಕ್ಕಿಂತ ಮೂರು ಪಾಲು ಮಂದವೆಂದು ಭಾವಿಸಬಾರದು. ಗೇರಿನ ‘90’ ಎಂಬುದು ಎಂಜಿನ್ ಎಣ್ಣೆಯ ‘40’ ಅಥವಾ ‘50’ಕ್ಕೆ ಹತ್ತಿರದ್ದು. ಅಂಕಿಯನ್ನು ನೋಡಿ ಬೆದರುವವರನ್ನೂ ಅಂಕಿಯನ್ನು ನೋಡಿಯೇ ಕೊಳ್ಳುವವರನ್ನೂ ನಾವು ಕಂಡಿದ್ದೇವೆ.

ಇಷ್ಟು ಹೇಳಿದ್ದು ದುಂಡಗಿನ ಅಚ್ಚಿನ ಮಾತು. ಗೇರಿನ ಹಲ್ಲುಗಳ ಪಾಡೇ ಬೇರೆ. ಅಚ್ಚು ತನ್ನ ಕವಚವನ್ನು ಅಗಲವಾಗಿ ಮುಟ್ಟುವುದು. ಎರಡು ಹಲ್ಲುಗಳಾದರೋ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟುವುವು. ಎಂಜಿನ್ನಿನ ಬಲವೆಲ್ಲ ಆ ಗೆರೆಯ ಮೇಲೆ ಬೀಳುವುದರಿಂದ ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ ಹತ್ತು ಸಾವಿರ ಕಿಲೋಗ್ರಾಮಿನಷ್ಟಾಗುವುದುಂಟು. ಇಂಥ ಒತ್ತಡದಲ್ಲಿ ಎಣ್ಣೆ ಹೇಗೆ ಉಳಿದೀತು? ಬಹುಕಾಲ ಇದು ಒಗಟಾಗಿಯೇ ಇತ್ತು. ಒತ್ತಡ ಏರಿದಂತೆ ಎಣ್ಣೆಯ ಸ್ನಿಗ್ಧತೆಯೂ ವಿಪರೀತವಾಗಿ ಏರಿ ಅದು ಕ್ಷಣಕಾಲ ಘನವಸ್ತುವಿನಂತೆಯೇ ವರ್ತಿಸುವುದೆಂದೂ, ಉಕ್ಕಿನ ಹಲ್ಲೂ ರಬ್ಬರಿನಂತೆ ಅಣುಮಾತ್ರ ತಗ್ಗಿ ಎಣ್ಣೆಗೆ ಎಡೆಮಾಡಿಕೊಡುವುದೆಂದೂ ರಷ್ಯದ ಗ್ರೂಬಿನ್ 1949ರಲ್ಲಿ ಪ್ರಕಟಿಸಿದ ಲೆಕ್ಕಗಳಿಂದಲೂ, ಇಂಗ್ಲೆಂಡಿನ ಡೌಸನ್ ಮತ್ತು ಹಿಗಿನ್‌ಸನ್ ಅವರ 1959ರ ಗಣಿತದಿಂದಲೂ ಸ್ಪಷ್ಟವಾಯಿತು. ಹಾಗೆ ಉಳಿಯುವ ಪೊರೆಯ ದಪ್ಪ ಅನೇಕ ವೇಳೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆ.

ಹಲ್ಲುಗಳ ವೇಗ ಕಡಮೆಯಾಗಿ ಹೊರೆ ಹೆಚ್ಚಾದರೆ ಆ ಪೊರೆಯೂ ಹರಿಯುತ್ತದೆ. ಆಗ ಲೋಹದ ಉಬ್ಬುಗಳು ಒಂದನ್ನೊಂದು ತಾಕುತ್ತವೆ. ಈ ಸ್ಥಿತಿಯಲ್ಲಿ ಕಾಪಾಡುವುದು ಎಣ್ಣೆಯ ಸ್ನಿಗ್ಧತೆಯಲ್ಲ, ಅದರ ರಸಾಯನ. ಹರಳೆಣ್ಣೆಯ ಅಣುವಿನ ಒಂದು ತುದಿ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಹೀಗೆ ಕಚ್ಚಿ ನಿಂತ ಅಣುಗಳು ಕಂಬಳಿಯ ಕೂದಲಿನಂತೆ ಮೇಲ್ಮೈಯನ್ನು ಮುಚ್ಚುತ್ತವೆ. ನಮ್ಮ ಗಾಡಿಯವನು ಹರಳೆಣ್ಣೆಯನ್ನೇ ಆರಿಸಿಕೊಂಡದ್ದು ವ್ಯರ್ಥವಲ್ಲ. ಹೆಸರಾಂತ ‘ಕ್ಯಾಸ್ಟ್ರಾಲ್’ ಎಣ್ಣೆಯ ಹೆಸರು ಬಂದುದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ ಎಂಬುದರಿಂದಲೇ.

ಆದರೆ 1926ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳ ಹಿಂದಿನ ಅಚ್ಚಿಗೆ ‘ಹೈಪಾಯ್ಡ್’ ಎಂಬ ಹೊಸ ಬಗೆಯ ಗೇರುಗಳು ಬಂದಮೇಲೆ ಹರಳೆಣ್ಣೆಯ ಗುಣವೂ ಸಾಲದೆ ಹೋಯಿತು. ಎಂಜಿನ್ನಿನ ಕಡೆಯಿಂದ ಬರುವ ದಂಡದ ಚಿಕ್ಕ ಗೇರನ್ನು ದೊಡ್ಡ ಗೇರಿನ ನಡುಮಟ್ಟಕ್ಕಿಂತ ಕೆಳಗೆ ಕೂಡಿಸುವುದೇ ಇದರ ವಿಶೇಷ. ದಂಡ ಕೆಳಗಿಳಿದುದರಿಂದ ಕಾರಿನ ನೆಲವನ್ನೂ ತಗ್ಗಿಸಬಹುದಾಯಿತು. ಗೇರು ನಿಶ್ಶಬ್ದವೂ ಆಯಿತು. ಆದರೆ ಅದರ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಉದ್ದಕ್ಕೂ ಉಜ್ಜಿಕೊಂಡು ಜಾರುತ್ತವೆ. ಅಪಾರ ಹೊರೆಯೊಡನೆ ಈ ಉಜ್ಜಾಟವೂ ಸೇರಿದರೆ ಸಾಧಾರಣ ಎಣ್ಣೆಯಲ್ಲಿ ಹಲ್ಲುಗಳು ಬೆಸೆದು ಕಿತ್ತುಹೋಗುತ್ತವೆ. ಇದಕ್ಕೆ ಪರಿಹಾರವಾಗಿ ಎಣ್ಣೆಗೆ ಗಂಧಕದ ಮತ್ತು ರಂಜಕದ ಸಂಯುಕ್ತಗಳನ್ನು ಬೆರಸಿದರು. ತಣ್ಣಗಿರುವಾಗ ಅವು ಸುಮ್ಮನಿರುತ್ತವೆ. ಉಬ್ಬಿಗೆ ಉಬ್ಬು ತಾಕಿ ಆ ಬಿಂದುವಿನಲ್ಲಿ ಕಿಡಿಯಂಥ ಶಾಖ ಹುಟ್ಟಿದೊಡನೆ ಅವು ಒಡೆದು ಕಬ್ಬಿಣದೊಡನೆ ಕೂಡಿ ಕಬ್ಬಿಣದ ಗಂಧಕೀಯವನ್ನೂ ಅದರಂಥ ಇತರ ಸಂಯುಕ್ತಗಳನ್ನೂ ನಿರ್ಮಿಸುವುವು. ಈ ಪದರ ಮೃದು. ಉಕ್ಕಿಗೆ ಬದಲಾಗಿ ತಾನು ಸವೆಯುವುದು. ಉಕ್ಕನ್ನು ಉಳಿಸಲು ಉಕ್ಕಿನ ಮೇಲ್ಮೈಯನ್ನೇ ಇಷ್ಟಿಷ್ಟು ತಿನ್ನುವ ಉಪಾಯ ಇದು. ‘ಅತಿ ಒತ್ತಡದ ಎಣ್ಣೆ’ ಎಂಬ ಅರ್ಥದಲ್ಲಿ ಡಬ್ಬಿಯ ಮೇಲೆ ‘ಇ.ಪಿ.’ ಎಂಬ ಅಕ್ಷರಗಳನ್ನು ಹಾಕುವುದು ಈ ಜಾತಿಗೇ.

ಹಿರಿಯರ ಕಾರಿನ ಗೇರುಪೆಟ್ಟಿಗೆಗೆ ಎರಡು ವರ್ಷದ ಕೆಳಗೆ ಸುರಿದದ್ದು ಇಂಥ ಹೈಪಾಯ್ಡ್ ಎಣ್ಣೆ, 90ನೆಯ ದರ್ಜೆಯದು. ಉಕ್ಕಿನ ಹಲ್ಲುಗಳಿಗೆ ಅದು ಅಮೃತವೆಂದೇ ಹೇಳಬಹುದು. ಆದರೆ ಗೇರುಪೆಟ್ಟಿಗೆಯಲ್ಲಿ ಇರುವುದು ಉಕ್ಕಿನ ಹಲ್ಲುಗಳು ಮಾತ್ರವಲ್ಲ.

ಗೇರನ್ನು ಬದಲಿಸುವಾಗ ಒಳಗೆ ನಡೆಯುವುದನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ. 1959ರ ಮೈನರಿನಲ್ಲಿ ಎರಡನೆಯ ಗೇರಿನ ಅನುಪಾತ ಸುಮಾರು 2.37, ಮೂರನೆಯದರದು 1.41. ಎರಡನೆಯ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ಸುತ್ತುತ್ತಿದ್ದರೆ ಕಾರಿನ ವೇಗ ಗಂಟೆಗೆ 30 ಕಿಲೋಮೀಟರಿನಷ್ಟಿರುವುದು. ಅದೇ ವೇಗದಲ್ಲಿ ಮೂರನೆಯ ಗೇರು ಹಿಡಿಯಬೇಕಾದರೆ ಎಂಜಿನ್ನಿನ ಕಡೆಯ ಚಕ್ರಗಳು ಸುಮಾರು 1,780 ಸುತ್ತಿಗೆ ಇಳಿದಿರಬೇಕು. ಕ್ಲಚ್ಚನ್ನು ಒತ್ತಿದಾಗ ಎಂಜಿನ್ನು ಬೇರ್ಪಡುವುದು ನಿಜ. ಆದರೆ ಕ್ಲಚ್ಚಿನ ತಟ್ಟೆಯೂ ಅದಕ್ಕೆ ಕೂಡಿದ ಚಕ್ರಗಳೂ 3,000 ಸುತ್ತಿನಲ್ಲಿಯೇ ತಿರುಗುತ್ತಿರುತ್ತವೆ. ಹೆಚ್ಚಾದ 1,220 ಸುತ್ತುಗಳನ್ನು ಅರೆ ಸೆಕೆಂಡಿನಲ್ಲಿ ಕಳೆಯುವವರಾರು?

ಮೊದಲ ಕಾಲದ ಕಾರುಗಳಲ್ಲಿ ಈ ಹೊಣೆ ಚಾಲಕನದೇ ಆಗಿತ್ತು. 1927ರ ಕೊನೆಯಲ್ಲಿ ಬಂದು ಸುಮಾರು 48 ಲಕ್ಷ ಮಾರಾಟವಾದ ಫೋರ್ಡ್ ‘ಮಾಡೆಲ್ ಎ’ ಕಾರಿನಲ್ಲಿ ನೇರ ಹಲ್ಲಿನ ಚಕ್ರಗಳು ಜಾರಿ ಬಂದು ಒಂದಕ್ಕೊಂದು ಕೂಡುತ್ತಿದ್ದುವು. ಚಾಲಕ ಕ್ಲಚ್ಚನ್ನು ಎರಡು ಸಲ ಒತ್ತಿ ನಡುವೆ ಕ್ಷಣಕಾಲ ಕಾದು ಗೇರು ಹಾಕಬೇಕಿತ್ತು. ಆ ಪೆಟ್ಟಿಗೆಗೆ ಬೆಲ್ಲದ ಪಾಕದಂಥ ಮಂದವಾದ ಎಣ್ಣೆಯನ್ನು ವಿಧಿಸಿದ್ದರು. ಇದು ಅಜ್ಞಾನದಿಂದಲ್ಲ, ತಿರುಗುತ್ತಿರುವ ಚಕ್ರಗಳನ್ನು ಆ ಮಂದ ಎಣ್ಣೆಯೇ ಎಳೆದು ನಿಧಾನಿಸಿ ಚಾಲಕನಿಗೆ ನೆರವಾಗುತ್ತಿತ್ತು. ಅಂಥ ಕಾರಿಗೆ ಈಗಿನ ತೆಳ್ಳನೆಯ ಎಣ್ಣೆ ಹಾಕಿದವರು ಗೇರು ಕಿರಿಚುತ್ತದೆಂದು ದೂರುವುದುಂಟು. ಕಾರಣ ಸ್ಪಷ್ಟವೇ ಇದೆ.

1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ‘ಸಿಂಕ್ರೋಮೆಶ್’ ಎಂಬ ಏರ್ಪಾಡು ಕಾಣಿಸಿಕೊಂಡಿತು. ಮಾರಿಸ್ ಮೈನರಿನಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಇದು ಉಂಟು, ಮೊದಲನೆಯದಕ್ಕೆ ಇಲ್ಲ. ಹಲ್ಲುಗಳು ಕೂಡುವ ಮೊದಲು ಒಂದು ಶಂಕುವಿನಾಕಾರದ ಮೇಲ್ಮೈ ಇನ್ನೊಂದು ಶಂಕುವಿನ ಬಟ್ಟಲೊಳಗೆ ಒತ್ತಿಕೊಳ್ಳುತ್ತದೆ. ಎರಡೂ ಉಜ್ಜಿ ಸಮವೇಗಕ್ಕೆ ಬಂದ ಮೇಲೆ ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ಹೆಚ್ಚಿನ ಸುತ್ತುಗಳ ಶಕ್ತಿಯೆಲ್ಲ ಆ ಶಂಕುವಿನ ಮೈಯಲ್ಲಿ ಶಾಖವಾಗಿ ಹೋಗುವುದು. ಇದೊಂದು ಪುಟ್ಟ ಬ್ರೇಕು. ಎಣ್ಣೆಯೊಳಗೆ ಮುಳುಗಿ ಕೆಲಸಮಾಡುವ ಬ್ರೇಕು. ಬ್ರೇಕಿಗೆ ಬೇಕಾದುದು ಘರ್ಷಣೆ. ಗೇರುಪೆಟ್ಟಿಗೆಯ ಎಣ್ಣೆಯ ಕಷ್ಟವೆಲ್ಲ ಇಲ್ಲಿಯೇ ಇದೆ. ಹಲ್ಲುಗಳ ನಡುವೆ ಅದು ಜಾರಿಸಬೇಕು, ಶಂಕುಗಳ ನಡುವೆ ಹಿಡಿಯಗೊಡಬೇಕು. ಎರಡೂ ಒಂದೇ ಎಣ್ಣೆ, ಒಂದೇ ಪೆಟ್ಟಿಗೆಯಲ್ಲಿ! ಶಂಕುವಿನ ಮೈಮೇಲೆ ಸಣ್ಣ ಗೀರುಗಳನ್ನು ಕೊರೆದಿರುವುದು ಎಣ್ಣೆಯ ಪೊರೆಯನ್ನು ಕತ್ತರಿಸಿ ಹೊರಹಾಕಲೆಂದೇ. ಎಣ್ಣೆ ಅತಿ ಮಂದವಾದರೆ ಗೀರುಗಳು ಅದನ್ನು ಸಕಾಲಕ್ಕೆ ಕತ್ತರಿಸಲಾರವು. ಅತಿ ಜಾರುವ ರಸಾಯನಗಳಿದ್ದರೆ ಪೊರೆ ಹರಿದ ಮೇಲೂ ಶಂಕು ಹಿಡಿಯದು. ಎರಡರಲ್ಲಿ ಯಾವುದಾದರೂ ಹಲ್ಲಿಗೆ ಹಲ್ಲು ಬಡಿಯುವುದು ಖಂಡಿತ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಉಜ್ಜುವ ಎರಡು ಮೇಲ್ಮೈಗಳಲ್ಲಿ ಒಂದನ್ನು ಕಂಚು ಅಥವಾ ಹಿತ್ತಾಳೆಯ ಜಾತಿಯ ಲೋಹದಿಂದ ಮಾಡುವುದು ಆ ಕಾಲದ ವಾಡಿಕೆ. ಒಳಗಿನ ಕೆಲವು ಬುಷ್ಷುಗಳೂ ಒತ್ತುಬಳೆಗಳೂ ಅದೇ ಜಾತಿಯವು. ಇವುಗಳ ಮೂಲ ತಾಮ್ರ. ತಾಮ್ರಕ್ಕೂ ಗಂಧಕಕ್ಕೂ ಇರುವ ನಂಟು ನಮ್ಮ ಗೃಹಿಣಿಯರಿಗೆ ತಿಳಿಯದ್ದಲ್ಲ. ಗಾಳಿಯಲ್ಲಿನ ಎಳ್ಳಷ್ಟು ಗಂಧಕದ ಅನಿಲದಿಂದಲೇ ಬೆಳ್ಳಿಯ ದೀಪ, ತಾಮ್ರದ ಚೊಂಬು ಕಪ್ಪಾಗುವುವು. ಉಕ್ಕಿನ ಮೇಲೆ ಕಿಡಿಯಂಥ ಶಾಖ ಹುಟ್ಟಿದಾಗ ಮಾತ್ರ ಎಚ್ಚರಗೊಳ್ಳುವ ಗಂಧಕದ ಸಂಯುಕ್ತ ತಾಮ್ರವನ್ನು ಕಂಡರೆ ಪೆಟ್ಟಿಗೆಯ ಸಾಧಾರಣ ಬಿಸಿಯಲ್ಲಿಯೇ ಕೆಲಸಕ್ಕೆ ತೊಡಗಬಲ್ಲದು. ಹುಟ್ಟಿದ ಕಪ್ಪು ಪದರ ಉಜ್ಜಾಟದಿಂದ ಉದುರುತ್ತದೆ, ಹೊಸ ಲೋಹ ಬಯಲಾಗುತ್ತದೆ, ಮತ್ತೆ ಕಪ್ಪಾಗುತ್ತದೆ. ಹೀಗೆ ಶಂಕುವಿನ ಗೀರುಗಳು ಮೊಂಡಾಗುತ್ತ ಹೋಗುತ್ತವೆ.

ಎಣ್ಣೆಯ ಈ ಗುಣವನ್ನು ಅಳೆಯಲು ತಾಮ್ರದ ಪಟ್ಟಿಯ ಪರೀಕ್ಷೆಯೊಂದು ರೂಢಿಯಲ್ಲಿದೆ. ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆಯ ಪಟ್ಟಿಯಲ್ಲಿ ಅದರ ಸಂಖ್ಯೆ ‘ಡಿ 130’. ತಿಕ್ಕಿ ಬೆಳಗಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಗೊತ್ತಾದ ಕಾಲ ಮುಳುಗಿಸಿಟ್ಟು, ಬಳಿಕ ಅದರ ಬಣ್ಣವನ್ನು ಮಾದರಿಯ ಫಲಕದೊಡನೆ ಹೋಲಿಸುವುದು. ಮೊದಲ ದರ್ಜೆಯೆಂದರೆ ಹೆಚ್ಚುಕಡಮೆ ಹೊಳಪು ಹಾಗೆಯೇ ಇದೆ. ನಾಲ್ಕನೆಯ ದರ್ಜೆಯೆಂದರೆ ಕರ್ರಗಾಗಿದೆ. ಹಿರಿಯರ ಮನೆಯಲ್ಲಿ ಆ ದುಬಾರಿ ಎಣ್ಣೆಯ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನೂ, 30ನೆಯ ದರ್ಜೆಯ ಸಾಧಾರಣ ಎಂಜಿನ್ ಎಣ್ಣೆಯನ್ನೂ ಎರಡು ಪರೀಕ್ಷಾನಾಳಗಳಲ್ಲಿ ತೆಗೆದುಕೊಂಡು ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ 120 ಡಿಗ್ರಿಯ ಆಸುಪಾಸಿನಲ್ಲಿ ಮೂರು ಗಂಟೆ ಇಟ್ಟು ನೋಡಿದೆವು. ಎಂಜಿನ್ ಎಣ್ಣೆಯಿಂದ ಹೊರತೆಗೆದ ಪಟ್ಟಿ ತುಸು ಕಿತ್ತಳೆಯ ಛಾಯೆ ತಳೆದಿತ್ತು. ಇನ್ನೊಂದು ಪಟ್ಟಿ ಮೊದಲು ನೇರಳೆ, ಆಮೇಲೆ ಗಾಢ ಬೂದು ಬಣ್ಣಕ್ಕೆ ತಿರುಗಿತ್ತು. ಮಾದರಿಯ ಫಲಕ ನಮ್ಮಲ್ಲಿರಲಿಲ್ಲವಾದ್ದರಿಂದ ದರ್ಜೆಯನ್ನು ಹೇಳಲಾರೆವು. ಅಂತರವನ್ನು ಕಾಣಲು ಫಲಕ ಬೇಕಾಗಿಯೂ ಇರಲಿಲ್ಲ. ಬಿಸಿ ಎಣ್ಣೆಗೆ ಬೆಂಕಿ ಹತ್ತುವ ಭಯವುಂಟಾದ ಕಾರಣ ವಾಚಕರು ಇದನ್ನು ಅಡುಗೆಮನೆಯ ಒಲೆಯ ಮೇಲೆ ಮಾಡಹೋಗಬಾರದು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅತಿ ಒತ್ತಡದ ಎಣ್ಣೆಗಳೆಲ್ಲವೂ ತಾಮ್ರವನ್ನು ಒಂದೇ ಸಮನಾಗಿ ತಿನ್ನುವುದಿಲ್ಲ. ಈಚಿನ ಕೆಲವಕ್ಕೆ ತಾಮ್ರವನ್ನು ಕಾಯುವ ರಸಾಯನಗಳನ್ನೂ ಸೇರಿಸಿರುತ್ತಾರೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ವರ್ಗೀಕರಣದಲ್ಲಿ ‘ಜಿ.ಎಲ್.-4’ ಎಂಬುದು ಸೌಮ್ಯವಾದುದು, ‘ಜಿ.ಎಲ್.-5’ ಹೈಪಾಯ್ಡ್ ಗೇರುಗಳಿಗಾಗಿ ಇರುವ ಉಗ್ರವಾದುದು. ಐದು ನಾಲ್ಕಕ್ಕಿಂತ ಮೇಲೆಂದು ತಿಳಿದು ಕೊಳ್ಳುವವರೇ ಹೆಚ್ಚು. ಇವು ಪರೀಕ್ಷೆಯ ತರಗತಿಗಳಲ್ಲ; ಬೇರೆ ಬೇರೆ ರೋಗಗಳ ಮದ್ದುಗಳು. ಎರಡಕ್ಕೂ ಆಗುವುದೆಂದು ಬರೆದ ಡಬ್ಬಿಗಳೂ ಇವೆ. ಅವುಗಳ ತಾಮ್ರದ ಪರೀಕ್ಷೆಯ ಫಲಿತಾಂಶ ಮಾತ್ರ ಡಬ್ಬಿಯ ಮೇಲೆ ಇರುವುದಿಲ್ಲ. ಆದಕಾರಣ ಹಳೆಯ ಪೆಟ್ಟಿಗೆಗೆ ನಾವು ಅವನ್ನು ಹಾಕುವುದಿಲ್ಲ.

ಹಾಗಾದರೆ ಹಾಕುವುದೇನು? ಮಾರಿಸ್ ಮೈನರ್ ಸಾವಿರದ ಕೈಪಿಡಿ ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದೆ. ಗೇರುಪೆಟ್ಟಿಗೆಗೆ ಎಂಜಿನ್ನಿಗೆ ಹಾಕುವ 30ನೆಯ ದರ್ಜೆಯ ಎಣ್ಣೆಯೇ. ಹಿಂದಿನ ಅಚ್ಚಿಗೆ ಹೈಪಾಯ್ಡ್ 90. ಒಂದೇ ಕಾರಿನಲ್ಲಿ ಒಂದೂವರೆ ಮೀಟರಿನ ಅಂತರದಲ್ಲಿ ಎರಡು ಪೆಟ್ಟಿಗೆಗಳು, ಎರಡು ವಿರುದ್ಧ ಬೇಡಿಕೆಗಳು! ಹಿಂದಿನ ಅಚ್ಚಿನಲ್ಲಿ ಹೈಪಾಯ್ಡ್ ಹಲ್ಲುಗಳಿರುವುದರಿಂದ ಅಲ್ಲಿಗೆ ಗಂಧಕ ಬೇಕೇ ಬೇಕು. ಅಲ್ಲಿ ಎಂಜಿನ್ ಎಣ್ಣೆ ಸುರಿದರೆ ಹಲ್ಲು ಹಾಳು. ಗೇರುಪೆಟ್ಟಿಗೆಯಲ್ಲಿ ಅಂಥ ಹಲ್ಲುಗಳಿಲ್ಲ. ಅಲ್ಲಿ ಅಚ್ಚಿನ ಎಣ್ಣೆ ಸುರಿದರೆ ಶಂಕು ಹಾಳು. ಊರಿನ ಗ್ಯಾರೇಜಿನ ಹುಡುಗ ಒಂದೇ ಡಬ್ಬಿಯಿಂದ ಎರಡನ್ನೂ ತುಂಬಿಬಿಟ್ಟಿದ್ದ. ಅವನನ್ನು ಬೈದು ಫಲವಿಲ್ಲ. ಇವತ್ತು ಅವನ ಕೈಗೆ ಬರುವ ಕಾರುಗಳಲ್ಲಿ ಗೇರುಪೆಟ್ಟಿಗೆಗೆ ಎಂಜಿನ್ ಎಣ್ಣೆ ಎಂದರೆ ಯಾರೂ ನಂಬುವುದಿಲ್ಲ.

ಇನ್ನು ಬದಲಿಸುವ ಕ್ರಮ. ಕಾರನ್ನು ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿ ತಂದು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಬೇಕು. ಬಿಸಿಯಾದ ಎಣ್ಣೆ ಚೆನ್ನಾಗಿ ಹರಿಯುವುದಲ್ಲದೆ ತಳದಲ್ಲಿ ಕುಳಿತ ಪುಡಿಯನ್ನೂ ಜೊತೆಗೆ ಒಯ್ಯುವುದು. ಕಾರನ್ನು ಎತ್ತಬೇಕಾದರೆ ನಾಲ್ಕು ಕಡೆಯೂ ಗಟ್ಟಿ ಆಧಾರಗಳ ಮೇಲೆ ಸಮನಾಗಿ ಎತ್ತಬೇಕು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಕ್ಕೆ ಯಾರೂ ನುಸುಳಬಾರದು. ಇದರಲ್ಲಿ ಪ್ರಾಣದ ಮಾತಿದೆ.

ಮೊದಲು ತೆರೆಯಬೇಕಾದುದು ಕೆಳಗಿನ ಬಿರಡೆಯಲ್ಲ, ಎಣ್ಣೆ ತುಂಬುವ ಬಿರಡೆ. ಮೈನರಿನಲ್ಲಿ ಅದು ಕಾರಿನೊಳಗೆ, ಕಾಲುಹಾಸನ್ನು ಸರಿಸಿ ರಬ್ಬರಿನ ಮುಚ್ಚಳವೊಂದನ್ನು ಕಿತ್ತರೆ ಕೈಗೆ ಸಿಗುವುದು. ಇದನ್ನು ಮೊದಲು ತೆರೆಯಬೇಕೆಂದು ಒತ್ತಿ ಹೇಳಲು ಕಾರಣವುಂಟು. ಎಷ್ಟೋ ವರ್ಷ ಅಲುಗಿಸದ ಬಿರಡೆ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಎಣ್ಣೆಯನ್ನೆಲ್ಲ ಕೆಳಗೆ ಬಿಟ್ಟಮೇಲೆ ಅದು ಬಾರದೆಂದು ತಿಳಿದರೆ ಕಾರು ಅಲ್ಲಿಯೇ ನಿಲ್ಲಬೇಕಾದೀತು. ಸರಿಯಾದ ಅಳತೆಯ ಸ್ಪ್ಯಾನರನ್ನೇ ಹಾಕಬೇಕು. ಅಂದಾಜಿನದನ್ನು ಹಾಕಿದರೆ ಬಿರಡೆಯ ಮೂಲೆಗಳು ಸವೆದು ದುಂಡಗಾಗುವುವು.

ಬಳಿಕ ಕೆಳಗಿನ ಬಿರಡೆಯನ್ನು ತೆಗೆದು ಎಣ್ಣೆಯನ್ನು ಅಗಲ ಬಾಯಿಯ ಬೋಗುಣಿಗೆ ಇಳಿಸಬೇಕು. ಅವಸರಪಡದೆ ಅರ್ಧ ಗಂಟೆ ತೊಟ್ಟಿಕ್ಕಲು ಬಿಡುವುದು ಲೇಸು. ಹಳೆಯ ಎಣ್ಣೆಯನ್ನು ಚೆಲ್ಲುವ ಮೊದಲು ಅದನ್ನು ಓದಬೇಕು. ಹಾಲು ಬೆರಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಒಂದು ಅಯಸ್ಕಾಂತವನ್ನು ಬೋಗುಣಿಯಲ್ಲಿ ಆಡಿಸಿ ನೋಡಿರಿ. ಅದಕ್ಕೆ ಹತ್ತುವ ನಯವಾದ ಬೂದು ಅಂಟು ಉಕ್ಕಿನ ಸಹಜ ಸವೆತ. ಹರಳು ಚೂರುಗಳು ಸಿಕ್ಕಿದರೆ ಯಾವುದೋ ಹಲ್ಲು ಮುರಿದಿದೆ. ಅಯಸ್ಕಾಂತಕ್ಕೆ ಹತ್ತದೆ ಬಿಸಿಲಿನಲ್ಲಿ ಹೊಂಬಣ್ಣದಿಂದ ಮಿನುಗುವ ಪುಡಿಯಿದ್ದರೆ ಅದು ಕಂಚು. ಹಿರಿಯರ ಕಾರಿನಿಂದ ಇಳಿದ ಎಣ್ಣೆಯಲ್ಲಿ ಹೊಂಬಣ್ಣವೇ ಹೆಚ್ಚಾಗಿತ್ತು. ಅವರು ಬೆರಳ ತುದಿಯಲ್ಲಿ ಅದನ್ನು ತೆಗೆದು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಸೀಮೆಎಣ್ಣೆ ಹಾಕಿ ಪೆಟ್ಟಿಗೆಯನ್ನು ತೊಳೆಯಬೇಕೆಂದು ಹಳೆಯ ಮೇಸ್ತ್ರಿಗಳು ಹೇಳುವುದುಂಟು. ನಮ್ಮ ಮಟ್ಟಿಗೆ ಇದು ಬೇಡ. ಮೂಲೆಗಳಲ್ಲಿ ಉಳಿಯುವ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳುವಾಗಿಸುವುದು. ಎಣ್ಣೆಯ ಜಾತಿಯನ್ನೇ ಬದಲಿಸುವಾಗ, ಸರಿಯಾದ ಎಣ್ಣೆಯನ್ನು ಒಮ್ಮೆ ತುಂಬಿ ನೂರು ಕಿಲೋಮೀಟರು ಓಡಿಸಿ ಅದನ್ನೂ ಇಳಿಸಿ ಮತ್ತೆ ತುಂಬುವುದು ಮೇಲು. ಗೇರುಪೆಟ್ಟಿಗೆಗೆ ಹಿಡಿಯುವುದು ಎರಡೂಕಾಲು ಪಿಂಟು, ಎಂದರೆ ಸುಮಾರು 1.3 ಲೀಟರು, ಹಿಂದಿನ ಅಚ್ಚಿಗೆ ಒಂದೂವರೆ ಪಿಂಟು, ಸುಮಾರು 0.85 ಲೀಟರು. ಖರ್ಚು ದೊಡ್ಡದಲ್ಲ. ಕೆಳಗಿನ ಬಿರಡೆಯನ್ನು ಒರಸಿ ಬಿಗಿಮಾಡಿ, ಲಾಳಿಕೆಗೆ ರಬ್ಬರಿನ ಕೊಳವೆ ಜೋಡಿಸಿಕೊಂಡು ಮೇಲಿನಿಂದ ನಿಧಾನವಾಗಿ ತುಂಬಬೇಕು. ತುಂಬುವ ತೂತಿನ ಕೆಳ ಅಂಚಿಗೆ ಎಣ್ಣೆ ಮುಟ್ಟಿದಾಗ ಸಾಕು. ಹೆಚ್ಚಾಗಿ ತುಂಬಿದರೆ ಮುಂದಿನ ಕಡೆಯಿಂದ ಒಸರಿ ಕ್ಲಚ್ಚಿಗೆ ತಗಲುವುದು. ಆಗ ಕ್ಲಚ್ಚು ಜಾರತೊಡಗಿ ಇನ್ನೊಂದು ದುರಸ್ತಿಯ ಬಾಗಿಲು ತೆರೆಯುವುದು. ವರ್ಷಕ್ಕೆ ಕೆಲವೇ ನೂರು ಮೈಲಿ ಓಡುವ ಕಾರಿನಲ್ಲಿ ಮೈಲಿಯ ಲೆಕ್ಕ ಹಿಡಿದು ಕೂರಬಾರದು. ನಿಂತ ಪೆಟ್ಟಿಗೆಯ ಒಳಮೈಯಲ್ಲಿ ಗಾಳಿಯ ತೇವ ನೀರಾಗಿ ಇಳಿಯುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ನಮ್ಮ ಪದ್ಧತಿ. ಇಳಿಸಿದ ಎಣ್ಣೆಯನ್ನು ಬೇಲಿಯ ಗೂಟಗಳಿಗೆ ಬಳಿಯುವುದೂ ಚರಂಡಿಗೆ ಚೆಲ್ಲುವುದೂ ಹಿಂದೆ ನಡೆಯುತ್ತಿತ್ತು. ಅದು ಬಾವಿಯ ನೀರಿಗೆ ಇಳಿಯುವ ವಿಷ. ಡಬ್ಬಿಯಲ್ಲಿ ಮುಚ್ಚಿ, ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ಹಿರಿಯರ ಕಾರಿಗೆ ನಾವು ಎರಡು ಸಲ ಎಣ್ಣೆ ಬದಲಿಸಿದೆವು. ನಾಲ್ಕನೆಯ ಗೇರು ಮೊದಲಿನಂತೆ ಸದ್ದಿಲ್ಲದೆ ಕೂಡತೊಡಗಿತು. ಮೂರನೆಯದರ ಕಿರುಚಾಟ ಬಹುಪಾಲು ಇಳಿಯಿತು, ಪೂರ್ತಿಯಾಗಿ ಹೋಗಲಿಲ್ಲ. ಸವೆದ ಶಂಕುವನ್ನು ಯಾವ ಎಣ್ಣೆಯೂ ಬೆಳೆಸಲಾರದು. ಹೊಸ ಶಂಕು ಹಾಕಬೇಕಾದರೆ ಪೆಟ್ಟಿಗೆಯನ್ನು ಇಳಿಸಿ ಬಿಚ್ಚಬೇಕು, ಬಿಡಿಭಾಗಗಳನ್ನು ಇಂಗ್ಲೆಂಡಿನಿಂದ ತರಿಸಬೇಕು. ಅಲ್ಲಿಯವರೆಗೆ ಹಿರಿಯರು ಮೂರನೆಯ ಗೇರಿಗೆ ಬರುವಾಗ ಕ್ಲಚ್ಚನ್ನು ಎರಡು ಸಲ ಒತ್ತಿ, ಮಾಡೆಲ್ ಎ ಕಾರಿನ ಕಾಲದ ಚಾಲಕರಂತೆ ನಡುವೆ ಕ್ಷಣಕಾಲ ಕಾಯುತ್ತಾರೆ. ಕಾರಿನ ಪೆಟ್ಟಿಗೆಯಲ್ಲಿ ಕೈಪಿಡಿಯ ಎಣ್ಣೆಯ ಪುಟದ ನಕಲೊಂದನ್ನು ಮಡಿಸಿಟ್ಟುಕೊಂಡಿದ್ದಾರೆ. ಗ್ಯಾರೇಜಿನ ಹುಡುಗನಿಗೂ ಒಂದು ನಕಲನ್ನು ಕೊಟ್ಟುಬಂದಿದ್ದಾರೆ.